ಸೂಪರ್‌ಸ್ಪೀಡ್‌ವೇ ಓಟದಲ್ಲಿ ಥ್ರಾಟಲ್ ಮತ್ತು ಬ್ರೇಕ್ ಬಳಸುವ ಕ್ರಮ

ಅಮೆರಿಕದ ನಾಸ್ಕಾರ್ ಓಟಗಳ ಸ್ಟಾಕ್ ಕಾರುಗಳು ಡೇಟೋನಾ ಮತ್ತು ಟಾಲಡೇಗಾ ಎಂಬ ಸೂಪರ್‌ಸ್ಪೀಡ್‌ವೇಗಳಲ್ಲಿ, ಅಂದರೆ ಅತಿ ಉದ್ದದ, ಅತಿ ವೇಗದ ಸುತ್ತುಪಥಗಳಲ್ಲಿ, ಓಡುವುದನ್ನು ನೋಡಿದವರಿಗೆ, ಚಾಲಕರು ಥ್ರಾಟಲನ್ನು (ವೇಗ ಹೆಚ್ಚಿಸುವ ಪೆಡಲನ್ನು) ತಳದವರೆಗೆ ತುಳಿದು ಸ್ಟಿಯರಿಂಗ್ ತಿರುಗಿಸುವುದನ್ನು ಬಿಟ್ಟು ಬೇರೇನನ್ನೂ ಮಾಡುವಂತೆ ಕಾಣುವುದಿಲ್ಲ. ಡೇಟೋನಾದ ತಿರುವುಗಳು 31 ಡಿಗ್ರಿ, ಟಾಲಡೇಗಾದ ತಿರುವುಗಳು 33 ಡಿಗ್ರಿ ಓರೆಯಾಗಿರುವುದರಿಂದ, ಒಂಟಿಯಾಗಿ ಓಡುವ ಕಾರು ಇಡೀ ಸುತ್ತನ್ನು ಪೂರ್ಣ ಥ್ರಾಟಲ್‌ನಲ್ಲೇ ಮುಗಿಸಬಲ್ಲದು ಎಂಬುದು ನಿಜ. ಆದರೆ ಮುಂದೆ, ಹಿಂದೆ, ಪಕ್ಕದಲ್ಲಿ ಕಾರುಗಳಿರುವ ಗುಂಪಿನಲ್ಲಿ ಎರಡೂ ಪೆಡಲ್‌ಗಳಿಗೆ ಬಿಡುವಿರುವುದಿಲ್ಲ.

ಇದಕ್ಕೆ ಕಾರಣ ಎಂಜಿನ್‌ನಲ್ಲಿದೆ. 1987ರಲ್ಲಿ ಬಿಲ್ ಎಲಿಯಟ್ ಟಾಲಡೇಗಾದಲ್ಲಿ ಗಂಟೆಗೆ 212.809 ಮೈಲಿ, ಅಂದರೆ ಸುಮಾರು 342 ಕಿಲೋಮೀಟರ್ ವೇಗದಲ್ಲಿ ಅರ್ಹತಾ ಸುತ್ತು ಮುಗಿಸಿದರು. ಅದೇ ಓಟದಲ್ಲಿ ಬಾಬಿ ಆಲಿಸನ್ ಅವರ ಕಾರು ಮೇಲೆದ್ದು ಪ್ರೇಕ್ಷಕರ ಮುಂದಿನ ಬೇಲಿಗೆ ಅಪ್ಪಳಿಸಿತು. ಆಮೇಲೆ, 1988ರಿಂದ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ರಿಸ್ಟ್ರಿಕ್ಟರ್ ಪ್ಲೇಟ್ ಈ ಎರಡು ಪಥಗಳಲ್ಲಿ ಕಡ್ಡಾಯವಾಯಿತು. 2019ರಲ್ಲಿ ಅದರ ಜಾಗಕ್ಕೆ ಗಾಳಿಯ ದಾರಿಯನ್ನು ಕಿರಿದಾಗಿಸುವ ಟೇಪರ್ಡ್ ಸ್ಪೇಸರ್ ಎಂಬ ಬಿಡಿಭಾಗ ಬಂದರೂ ಉದ್ದೇಶ ಬದಲಾಗಲಿಲ್ಲ. ಹೀಗೆ ಉಸಿರು ಬಿಗಿಹಿಡಿದ ಎಂಜಿನ್, ಸರಕು ತುಂಬಿ ಘಟ್ಟ ಹತ್ತುವ ಲಾರಿಯಂತೆ, ಒಮ್ಮೆ ಕಳೆದುಕೊಂಡ ಓಘವನ್ನು ಬಹಳ ನಿಧಾನವಾಗಿ ಮರಳಿ ಪಡೆಯುತ್ತದೆ. ಮುಂದೆ ಹೇಳುವುದೆಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಮುಂದಿನ ಕಾರು ಸೀಳಿದ ಗಾಳಿಯ ಹಿಂದೆ, ಅಂದರೆ ಡ್ರಾಫ್ಟ್‌ನಲ್ಲಿ, ತಡೆ ಕಡಿಮೆಯಿರುವುದರಿಂದ ನಿಮ್ಮ ಕಾರು ತಾನಾಗಿಯೇ ಅದರ ಹತ್ತಿರಕ್ಕೆ ಸರಿಯುತ್ತದೆ. ತೀರಾ ಸಮೀಪ ಬಂದಾಗ ಹೊಸಬರು ಬೆಚ್ಚಿ ಥ್ರಾಟಲಿನಿಂದ ಕಾಲೆತ್ತುತ್ತಾರೆ. ಆಗ ಅಂತರ ಬೇಕಾದದ್ದಕ್ಕಿಂತ ಹೆಚ್ಚು ಬೆಳೆದು, ಡ್ರಾಫ್ಟ್ ತಪ್ಪಿ, ಹಿಂದಿನ ಸಾಲಿನವರೂ ಒಬ್ಬೊಬ್ಬರಾಗಿ ನಿಧಾನಿಸಬೇಕಾಗುತ್ತದೆ. ಇದರ ಬದಲು ಬಲಗಾಲನ್ನು ಥ್ರಾಟಲಿನ ಮೇಲೆಯೇ ಇರಿಸಿ, ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಒತ್ತಿರಿ. ಎಂಜಿನ್ ಎಳೆಯುತ್ತಲೇ ಇರುವಾಗ ಕಾರು ಕೊಂಚ ನಿಧಾನಿಸುತ್ತದೆ; ಬ್ರೇಕ್ ಬಿಟ್ಟೊಡನೆ ಎಳೆತ ಸಿದ್ಧವಾಗಿರುತ್ತದೆ. ಹೀಗೆ ಬಹಳ ಹೊತ್ತು ಒತ್ತಿಹಿಡಿದರೆ ಬ್ರೇಕ್ ವಿಪರೀತ ಬಿಸಿಯಾಗುವುದರಿಂದ, ಅಂತರ ಮುಚ್ಚುವುದನ್ನು ಮೊದಲೇ ಗ್ರಹಿಸಿ ಚಿಕ್ಕ ಚಿಕ್ಕ ಒತ್ತುಗಳಲ್ಲಿ ಮುಗಿಸುವುದು ಲೇಸು. ಗ್ರಹಿಸಲು ಸಾಕಷ್ಟು ಸಮಯವಿದ್ದರೆ ಥ್ರಾಟಲನ್ನು ಸ್ವಲ್ಪವೇ ಸಡಿಲಿಸಿದರೂ ಸಾಕಾಗುತ್ತದೆ.

ಮುಂದಿನ ಕಾರನ್ನು ಬಂಪರಿನಿಂದ ತಳ್ಳುವಾಗ ಬ್ರೇಕಿನ ಮೇಲಿನ ಈ ಹಿಡಿತ ಇನ್ನೂ ಮುಖ್ಯವಾಗುತ್ತದೆ. ನೇರ ಹಾದಿಯಲ್ಲಿ, ಬಂಪರುಗಳ ಮಧ್ಯಭಾಗಗಳು ಒಂದೇ ಗೆರೆಯಲ್ಲಿದ್ದಾಗ, ಮೆಲ್ಲನೆ ತಾಗಿ ಒತ್ತಬೇಕು, ರಭಸದಿಂದ ಗುದ್ದಬಾರದು. ತಿರುವಿನಲ್ಲಿ ಎರಡು ಕಾರುಗಳ ಗೆರೆ ತಪ್ಪಿರುವುದರಿಂದ ಅದೇ ಒತ್ತಡ ಮುಂದಿನ ಕಾರಿನ ಹಿಂಭಾಗವನ್ನು ಪಕ್ಕಕ್ಕೆ ಸರಿಸಿಬಿಡಬಹುದು. ಆದ್ದರಿಂದ ತಿರುವಿಗೆ ಮುನ್ನವೇ ಎಡಗಾಲಿನಿಂದ ಕೈಯಳತೆಯಷ್ಟಾದರೂ ಅಂತರ ಮಾಡಿಕೊಳ್ಳಿರಿ. ಈ ಪಥಗಳಲ್ಲಿ ಆಗುವ ದೊಡ್ಡ ಸರಣಿ ಅಪಘಾತಗಳಲ್ಲಿ ಎಷ್ಟೋ ಸಲ ಕಾಣುವುದು ತಪ್ಪಾದ ಜಾಗದಲ್ಲಿ ಮಾಡಿದ ತಳ್ಳುವಿಕೆಯೇ. ಅದನ್ನು ಧೈರ್ಯವೆಂದು ಹೊಗಳುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ.

ಸಾಲಿನ ಮುಂಚೂಣಿಯಲ್ಲಿರುವವರ ಲೆಕ್ಕ ಬೇರೆ. ಹಿಂದಿನ ಕಾರಿನಿಂದ ದೂರ ಓಡಿದರೆ ಅದರ ತಳ್ಳುವಿಕೆಯ ನೆರವು ತಪ್ಪುತ್ತದೆ, ಪಕ್ಕದ ಸಾಲು ಮುಂದೆ ನುಗ್ಗುತ್ತದೆ. ಆಗಲೂ ಬ್ರೇಕನ್ನು ಕೂದಲೆಳೆಯಷ್ಟು ಒತ್ತಿ, ಹಿಂದಿನವರನ್ನು ತಮ್ಮ ಬಂಪರಿಗೆ ಬರಮಾಡಿಕೊಳ್ಳಬೇಕು. ಮೊದಲ ಸ್ಥಾನದಲ್ಲಿರುವವರು ಬ್ರೇಕ್ ಒತ್ತುವುದು ವಿಚಿತ್ರವೆನಿಸಿದರೂ, ಓಟದ ಕೊನೆಯ ಸುತ್ತುಗಳಲ್ಲಿ ಸ್ಥಾನ ಉಳಿಯುವುದು ಬಹುಮಟ್ಟಿಗೆ ಇದರಿಂದಲೇ.

2022ರಲ್ಲಿ ಹೊಸ ತಲೆಮಾರಿನ ಕಾರು ಬಂದ ಮೇಲೆ ಓಟದ ನಡುವಿನ ಹಂತಗಳಲ್ಲಿ ಇಂಧನ ಉಳಿಸುವ ಓಟ ಹೆಚ್ಚಾಗಿದೆ. ಇಡೀ ಗುಂಪೇ ಅರೆ ಥ್ರಾಟಲಿನಲ್ಲಿ ಸಾಗುತ್ತದೆ, ಏಕೆಂದರೆ ಕಡಿಮೆ ಇಂಧನ ತುಂಬಿಸಿಕೊಂಡವರು ಪಿಟ್‌ನಿಂದ, ಅಂದರೆ ಇಂಧನ ತುಂಬಿ ಟೈರ್ ಬದಲಿಸುವ ತಾಣದಿಂದ, ಬೇಗ ಹೊರಬೀಳುತ್ತಾರೆ. ನೋಡುವವರಿಗೆ ಬೇಸರ ತರಿಸಿದರೂ ಚಾಲಕರಿಗೆ ಇದು ಕಷ್ಟದ ಕೆಲಸ: ಪೆಡಲನ್ನು ಒಂದೇ ಮಟ್ಟದಲ್ಲಿ ಹಿಡಿದು, ಡ್ರಾಫ್ಟ್ ಬಿಡದೆ, ಅಕ್ಕಪಕ್ಕದವರಿಗೆ ತಾಗದೆ ಸಾಗಬೇಕು.

ಬ್ರೇಕನ್ನು ನಿಜವಾಗಿ ಬಲವಾಗಿ ತುಳಿಯುವ ಸಂದರ್ಭ ಒಂದೇ, ಹಸಿರು ಬಾವುಟದಡಿ, ಅಂದರೆ ಓಟ ಪೂರ್ಣ ವೇಗದಲ್ಲಿ ಸಾಗುತ್ತಿರುವಾಗಲೇ, ಪಿಟ್ ಪ್ರವೇಶಿಸುವಾಗ. ಗಂಟೆಗೆ 180 ಮೈಲಿಗೂ ಮಿಕ್ಕಿದ ವೇಗದಿಂದ 55 ಮೈಲಿಯ ಮಿತಿಗೆ ಇಳಿಯಬೇಕು, ಆದರೆ ಬ್ರೇಕ್ ಆ ಹೊತ್ತಿಗೆ ಬಹುಪಾಲು ತಣ್ಣಗಿರುತ್ತದೆ. ಹಾಗಾಗಿ ಪಿಟ್ಟಿಗೆ ಬರುವ ಸುತ್ತಿನಲ್ಲಿ ಎಡಗಾಲಿನಿಂದ ಅದನ್ನು ಮೆಲ್ಲಗೆ ಬಿಸಿ ಮಾಡಿಕೊಳ್ಳಿರಿ. ಕಾರು ನೇರವಾದ ಮೇಲೆ ಮೊದಲು ಬಲವಾಗಿ ಒತ್ತಿ, ವೇಗ ಇಳಿದಂತೆ ಒತ್ತಡವನ್ನು ಬಿಡುತ್ತ ಬನ್ನಿರಿ. ಗೇರನ್ನು ಆತುರದಿಂದ ಇಳಿಸಿದರೆ ಹಿಂಚಕ್ರಗಳು ಜಾರಿ ಕಾರು ಗಿರಕಿ ಹೊಡೆಯುತ್ತದೆ. ಮಿತಿಯನ್ನು ಪಿಟ್ ಹಾದಿಯ ಒಂದೊಂದು ತುಂಡನ್ನು ದಾಟಲು ಹಿಡಿದ ಸಮಯದಿಂದ ಲೆಕ್ಕ ಹಾಕುವುದರಿಂದ, ಮುಂದಿನ ಕೆಲಸ ಎಂಜಿನ್ ಸುತ್ತುವೇಗದ ದೀಪಗಳನ್ನು ನೋಡುತ್ತ ಥ್ರಾಟಲನ್ನು ಅಲುಗದಂತೆ ಹಿಡಿಯುವುದು. ಇಲ್ಲಿ ಮಿತಿ ಮೀರಿದವರು ಹಸಿರು ಬಾವುಟದಡಿಯೇ ಪಿಟ್ ಹಾದಿಯನ್ನು ಮತ್ತೊಮ್ಮೆ ಹಾದುಹೋಗುವ ದಂಡ ತೆರಬೇಕಾಗುತ್ತದೆ, ಅಷ್ಟರಲ್ಲಿ ಡ್ರಾಫ್ಟ್ ಕೊಡುವ ಗುಂಪು ಎಟುಕದಷ್ಟು ಮುಂದೆ ಹೋಗಿರುತ್ತದೆ.