ಚೆಡ್ಡಿ ಜಗನ್ ಬದುಕು, ನೂರು ಸೆಂಟಿಮೀಟರಿನ ಪಟ್ಟಿಯಲ್ಲಿ

ದಕ್ಷಿಣ ಅಮೆರಿಕದಲ್ಲಿ ಬ್ರಿಟನ್ನಿನ ವಸಾಹತಾಗಿದ್ದ ಗಯಾನಾದ ರಾಜಕೀಯ ನಾಯಕ ಚೆಡ್ಡಿ ಜಗನ್ ಬಗ್ಗೆ ಕನ್ನಡದಲ್ಲಿ ಗೋಡೆ ಪ್ರದರ್ಶನ ಮಾಡಬೇಕು, ಅದೂ ಚುನಾವಣೆಯ ಅಂಕಿಗಳನ್ನೇ ಮುಂದಿಟ್ಟು ಅಂದಾಗ, ಈ ಕೆಲಸ ಬಲ್ಲವರೇ ನಕ್ಕಿದ್ದರು. ಈಗ ಅದೇ ಸೆಟ್ಟು ಕಾಲೇಜಿನಿಂದ ಕಾಲೇಜಿಗೆ ಓಡಾಡುತ್ತಿದೆ. ನಕ್ಕವರೇ ಎರವಲು ಕೇಳುತ್ತಿದ್ದಾರೆ.

ಮೊದಲ ರೂಪ ಮಾಮೂಲಿ ಕ್ರಮದ್ದು. ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಿಂದ ಕರಾರು ಕೂಲಿಗೆ ಹೋದ ತಾಯಂದಿರ ಜೊತೆ ಎಳೆಗೂಸುಗಳಾಗಿ ಹಡಗು ಹತ್ತಿದ ಅಪ್ಪ, ಅಮ್ಮ; 1918ರಲ್ಲಿ ಪೋರ್ಟ್ ಮೊರಾಂಟ್ ಸಕ್ಕರೆ ತೋಟದಲ್ಲಿ ಹುಟ್ಟು; ಅಮೆರಿಕದಲ್ಲಿ ದಂತವೈದ್ಯ ಪದವಿ; 1943ರಲ್ಲಿ ಚಿಕಾಗೊದ ಜಾನೆಟ್ ರೋಸೆನ್‌ಬರ್ಗ್ ಜೊತೆ ಮದುವೆ; 1947ರಲ್ಲಿ ಶಾಸನಸಭೆ. ಕೊನೆಗೊಂದು ದೊಡ್ಡ ಭಾವಚಿತ್ರ. ಯಾರೂ ನಿಲ್ಲಲಿಲ್ಲ. ದೊಡ್ಡ ಭಾವಚಿತ್ರ ಕಂಡರೆ ನಮ್ಮ ಜನ ಜಯಂತಿಯೋ ಶ್ರದ್ಧಾಂಜಲಿಯೋ ಅಂದುಕೊಂಡು ಮುಂದೆ ಹೋಗುತ್ತಾರೆ. ಅದಕ್ಕೆ ಸುರಿದ ಎರಡು ಸಾವಿರದಷ್ಟು ಫ್ಲೆಕ್ಸ್ ದುಡ್ಡು ಹೋಯಿತು. ಫ್ಲೆಕ್ಸ್ ಅಂಚು ಸುರುಳುತ್ತದೆ, ಕಿಟಕಿ ಎದುರು ಹೊಳೆದು ಕಣ್ಣಿಗೆ ಹೊಡೆಯುತ್ತದೆ.

ಕೈಹಿಡಿದದ್ದು ಪಟ್ಟಿ. 4 ಅಡಿ ಅಗಲ, 3 ಅಡಿ ಎತ್ತರದ ಸನ್‌ಬೋರ್ಡ್, ಅಂದರೆ ಹಗುರ ಫೋಮ್ ಹಲಗೆ. ಒಂದು ಚುನಾವಣೆಗೆ ಒಂದು ಬೋರ್ಡು. ಶೇಕಡಾ ಒಂದಕ್ಕೆ ಒಂದು ಸೆಂ.ಮೀ. ಮೇಲೆ ಜಗನ್ ಪಕ್ಷದ ಮತದ ಪಟ್ಟಿ, ಕೆಳಗೆ ಅದರ ಸೀಟಿನ ಪಟ್ಟಿ. 1953: ಎಲ್ಲ ವಯಸ್ಕರಿಗೂ ಮತ ಸಿಕ್ಕ ಮೊದಲ ಚುನಾವಣೆ, ಮತ 51, ಸೀಟು 24ಕ್ಕೆ 18, ಅಂದರೆ 75 ಸೆಂ.ಮೀ. ಆ ಸರ್ಕಾರ ನಡೆದದ್ದು 133 ದಿನ. ಅಕ್ಟೋಬರ್ 9ಕ್ಕೆ ಬ್ರಿಟನ್ ಸೈನ್ಯ ಇಳಿಸಿ ಸಂವಿಧಾನವನ್ನೇ ಅಮಾನತು ಮಾಡಿತು. 1961: ಮತ 42.6, ಸೀಟು 35ಕ್ಕೆ 20, ಪಟ್ಟಿ 57. 1964: ಮತ 45.8ಕ್ಕೆ ಏರಿತು, ಸೀಟು 53ಕ್ಕೆ 24, ಪಟ್ಟಿ 45ಕ್ಕೆ ಇಳಿಯಿತು. ನಡುವೆ ಬ್ರಿಟನ್ ಕ್ಷೇತ್ರವಾರು ಪದ್ಧತಿ ತೆಗೆದು ಮತದ ಪಾಲಿಗೆ ತಕ್ಕಷ್ಟೇ ಸೀಟು ಕೊಡುವ ಪ್ರಮಾಣಾನುಗುಣ ಪ್ರಾತಿನಿಧ್ಯ ತಂದಿತ್ತು. ಜಗನ್ ಅಧಿಕಾರದಲ್ಲಿ ಉಳಿಯಬಾರದೆಂದು ಅಮೆರಿಕದ ಅಧ್ಯಕ್ಷ ಕೆನಡಿ 1963ರಲ್ಲಿ ಬ್ರಿಟನ್ ಪ್ರಧಾನಿ ಮ್ಯಾಕ್‌ಮಿಲನ್ ಮೇಲೆ ಹಾಕಿದ ಒತ್ತಡ ಅಮೆರಿಕದ ಕಡತಗಳಲ್ಲೇ ಇದೆ. ಜಗನ್ ಜೊತೆಗಿದ್ದು ಬೇರೆಯಾದ ಎದುರಾಳಿ ಬರ್ನ್‌ಹ್ಯಾಮ್ ಪಕ್ಷದ 22, ಯುನೈಟೆಡ್ ಫೋರ್ಸ್ ಎಂಬ ಇನ್ನೊಂದು ಪಕ್ಷದ 7 ಸೀಟು ಕೂಡಿ ಸರ್ಕಾರವಾಯಿತು. ಮತ ಹೆಚ್ಚಿದರೂ ಅಧಿಕಾರ ಹೋದದ್ದನ್ನು ಎರಡು ಪುಟ ಬರೆದರೂ ಒಪ್ಪದವರು ಈ ಪಟ್ಟಿಗಳನ್ನು ಬೆರಳಲ್ಲಿ ಅಳೆದು ವಾದಕ್ಕೆ ನಿಲ್ಲುತ್ತಾರೆ. 1957 ಬಿಟ್ಟಿದ್ದೇನೆ: ಒಡೆದ ಪಕ್ಷದ ಎರಡೂ ಬಣ ಒಂದೇ ಹೆಸರಲ್ಲಿ ನಿಂತಿದ್ದವು, ಬಿಡಿಸಿ ಹೇಳಲು ಹೊರಟರೆ ಬೋರ್ಡೇ ತುಂಬುತ್ತದೆ.

ಪಟ್ಟಿಯನ್ನು ಬೋರ್ಡಿನ ಮೇಲೆ ಪ್ರಿಂಟ್ ಮಾಡಿಸಬೇಡಿ. ಅಂಗಡಿಯವರು ಹಾಳೆಗೆ ಹೊಂದಿಸಲು ಅಳತೆ ಕುಗ್ಗಿಸುತ್ತಾರೆ, ಲೆಕ್ಕ ಕೆಡುತ್ತದೆ. ಚಾರ್ಟ್ ಪೇಪರ್ ಕತ್ತರಿಸಿ ಕೈಯಲ್ಲೇ ಅಂಟಿಸಿ. ಕೇಸರಿ, ಹಸಿರು ಬೇಡ. ನಮ್ಮ ಪಕ್ಷಗಳ ಜಗಳ ಶುರುವಾಗುತ್ತದೆ. ಕಂದು, ಬೂದು ಸಾಕು. ಬೋರ್ಡಿಗೆ ತೊಂಬತ್ತು ಪದ ಮೀರಿದರೆ ಓದುವುದಿಲ್ಲ. ಯೂನಿಕೋಡ್ ಫೈಲನ್ನು ನುಡಿಗೆ ಪರಿವರ್ತಿಸುವಾಗ ಅಕ್ಷರ ಕೂಡದಂತೆ ತಡೆಯುವ ಕಾಣದ ಗುರುತು ಬಿದ್ದುಹೋಗಿ, ಬರ್ನ್‌ಹ್ಯಾಮ್ ಒತ್ತಕ್ಷರಗಳ ಗಂಟಾಗುತ್ತಾನೆ. ಪಿಡಿಎಫ್ ಮಾಡಿಯೇ ಕೊಡಿ.

1964ರಿಂದ 1992ರವರೆಗೆ ಜಗನ್ ವಿರೋಧ ಪಕ್ಷದಲ್ಲೇ. ಚುನಾವಣೆಗಳು ನಡೆದವು, ಅಕ್ರಮದಿಂದ. ವರ್ಷಕ್ಕೆ 3 ಸೆಂ.ಮೀ.ನಂತೆ 84 ಸೆಂ.ಮೀ. ಗೋಡೆ ಖಾಲಿ ಬಿಡುತ್ತೇನೆ. ಖಾಲಿ ಕಂಡರೆ ಅಲ್ಲಿನವರು ಕ್ಯಾಲೆಂಡರ್ ತೂಗುಹಾಕುತ್ತಾರೆ, ಹಾಗಾಗಿ ಕಪ್ಪು ದಾರ ಬಿಗಿದು ಎರಡೂ ತುದಿಗೆ ಇಸವಿ ಬರೆಯಬೇಕು. ಆಚೆ ಬದಿಯಲ್ಲಿ 1992: ಮತ ಸುಮಾರು 53, ಅಕ್ಟೋಬರ್ 9ಕ್ಕೆ ಅಧ್ಯಕ್ಷ. ಸಂವಿಧಾನ ಕಿತ್ತುಕೊಂಡ ಅದೇ ತಾರೀಖು, 39 ವರ್ಷಕ್ಕೆ. ಇದನ್ನು ವಿವರಿಸಬೇಡಿ, ಎರಡೂ ಬೋರ್ಡಿನಲ್ಲಿ ತಾರೀಖನ್ನು ಒಂದೇ ಎತ್ತರಕ್ಕೆ ಬರೆಯಿರಿ.

ಪಕ್ಕದ ಪ್ರಯೋಗಗಳೂ ಆದವು. ಪೋರ್ಟ್ ಮೊರಾಂಟಿನವರೇ ಆದ ವೆಸ್ಟ್ ಇಂಡೀಸ್ ಕ್ರಿಕೆಟಿಗರು ರೋಹನ್ ಕನ್ಹಾಯ್, ಕಾಳಿಚರಣ್ ಬಗೆಗಿನ ಬೋರ್ಡು ಮೊದಲಿಟ್ಟರೆ ಜನ ಅಲ್ಲೇ ಉಳಿದರು, ಜಗನ್ ಕಡೆ ಬರಲೇ ಇಲ್ಲ. ಕೊನೆಗೆ ಸರಿಸಿದ್ದೇನೆ. 1962ರಲ್ಲಿ ಗಯಾನಾ ರಾಜಧಾನಿ ಜಾರ್ಜ್‌ಟೌನ್ ಹೊತ್ತಿ ಉರಿಯಲು ಕಾರಣವಾದ ಜಗನ್ ಸರ್ಕಾರದ ಬಜೆಟ್ಟಿನ ಹಿಂದೆ ಇದ್ದ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್, 1956ರಲ್ಲಿ ನಮ್ಮ ತೆರಿಗೆ ಸುಧಾರಣೆಗೂ ವರದಿ ಕೊಟ್ಟವರು. ಆ ಬೋರ್ಡಿಗೆ ವಾಣಿಜ್ಯದ ಮೇಷ್ಟ್ರುಗಳು ಬಿಟ್ಟರೆ ಗಿರಾಕಿ ಇಲ್ಲ.

ಸನ್‌ಬೋರ್ಡು ಪ್ರಿಂಟ್ ಸೇರಿ ಒಂದಕ್ಕೆ ಒಂಬೈನೂರರ ಹತ್ತಿರ, ಪೂರ್ತಿ ಸೆಟ್ಟು ಏಳು ಸಾವಿರದ ಆಸುಪಾಸು. ಪೆಟ್ಟು ಬಿದ್ದದ್ದು ಸಾಗಣೆಯಲ್ಲಿ: ನಾಲ್ಕಡಿ ಬೋರ್ಡು ಆಟೋಗೆ ಹಿಡಿಸದು, ಗೂಡ್ಸ್ ಗಾಡಿ ಬಾಡಿಗೆ ಪ್ರಿಂಟಿನಷ್ಟೇ ಆಗುತ್ತಿತ್ತು. ಆಮೇಲೆ ನಟ್ಟನಡುವೆ ಕೊಯ್ದು ಹಿಂದೆ ಬಟ್ಟೆ ಟೇಪು ಹಾಕಿ ಮಡಚುವಂತೆ ಮಾಡಿದೆ. ಎರಡೂ ಬದಿ 11 ಸೆಂ.ಮೀ. ಅಂಚು ಬಿಟ್ಟಿದ್ದರೆ ಮಡಿಕೆ ಸರಿಯಾಗಿ 50ಕ್ಕೆ ಬೀಳುತ್ತದೆ, ಬಹುಮತದ ಗೆರೆ ಬೇರೆ ಎಳೆಯಬೇಕಿಲ್ಲ. 1961ರ ಸೀಟಿನ ಪಟ್ಟಿ ಅದನ್ನು ದಾಟುತ್ತದೆ, 1964ರದ್ದು ದಾಟುವುದಿಲ್ಲ. ದಾಟುವ ಪಟ್ಟಿಯನ್ನು ಮಡಿಕೆಯ ಮೇಲೆ ಬ್ಲೇಡಿನಿಂದ ಸೀಳಬೇಕು. 1953ರ ಮತದ ಪಟ್ಟಿ ಮಾತ್ರ ಮಡಿಕೆಯಾಚೆ ಒಂದೇ ಸೆಂ.ಮೀ. ಇರುವುದರಿಂದ ಆ ತುಂಡು ಪದೇಪದೇ ಉದುರುತ್ತದೆ. ಅದಕ್ಕೆ ಹಾಕುವ ಅಂಟು ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ.