ಸ್ಲೈಡು ನಮ್ಮಲ್ಲಿ, ಡಾಕ್ಟರು ವಿಜಯಪುರದಲ್ಲಿ

ತಿಕೋಟಾ ಕಡೆಯ ಸಣ್ಣ ದವಾಖಾನೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ದ್ರಾಕ್ಷಿ ತೋಟದ ಕೆಲಸ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ವಿಜಯಪುರಕ್ಕೆ ಹೋದರೆ ಒಂದು ದಿನದ ಪಗಾರ ಹೋಯಿತು. ಹಾಗಾಗಿ ಹುಳಕಡ್ಡಿ ಎದ್ದವರು ಅಂಗಡಿಯ ಮುಲಾಮನ್ನೇ ಹಚ್ಚುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಡಿತ ನಿಲ್ಲುತ್ತದೆ, ಹುಳಕಡ್ಡಿಗೆ ಕಾರಣವಾದ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. ಕಲೆಯ ಅಂಚು ಅಳಿಸಿ ಬರಿಗಣ್ಣಿಗೆ ರೋಗದ ಗುರುತೇ ಸಿಗುವುದಿಲ್ಲ. ಅಂಥವರಿಗಾಗಿಯೇ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕೂಡಿಸಿ, ಕೆರೆದ ಚರ್ಮದ ಚಿತ್ರವನ್ನು ವಿಜಯಪುರದ ಡಾಕ್ಟರಿಗೆ ಕಳಿಸತೊಡಗಿದೆವು.

ಕಣ್ಣಿಟ್ಟು ನೋಡುವ ಐಪೀಸ್ ತೆಗೆದು ಕ್ಯಾಮೆರಾ ಇಳಿಸುವುದು ಸುಲಭ. ಆದರೆ ಮೊದಲ ಚಿತ್ರಗಳಿಗೆಲ್ಲ ಡಾಕ್ಟರದು ಒಂದೇ ಉತ್ತರ: "ಏನೂ ಕಾಣವಲ್ದ್ರಿ." ತಪ್ಪು ಬೆಳಕಿನದು. ಕೆಓಎಚ್ ಅಂದರೆ ಚರ್ಮದ ಹೊಟ್ಟನ್ನು ತಿಳಿಯಾಗಿಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಅದರ ಸ್ಲೈಡಿಗೆ ನಾವು ಬಣ್ಣ ಹಾಕುವುದಿಲ್ಲ. ಬೆಳಕು ಜೋರಾದರೆ ಶಿಲೀಂಧ್ರದ ಎಳೆಗಳು ಕಾಣದಾಗುತ್ತವೆ. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರ್ ಇಳಿಸಿ, ಬೆಳಕು ಬಿಡುವ ಕಿಂಡಿಯಾದ ಡಯಾಫ್ರಂ ಕಿರಿದು ಮಾಡಿದ ಮೇಲೆ ಎದ್ದು ಕಂಡವು. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಒಬ್ಬ ತಾಯಿಗೆ ಲಂಗದ ಲಾಡಿ ಕಟ್ಟುವಲ್ಲಿ ಸುತ್ತಲೂ ಎದ್ದಿತ್ತು. "ಹಚ್ಚಿದ್ರ ಎರಡ ದಿನ ಆರಾಮ ಇರತೈತ್ರಿ, ಬಿಟ್ರ ಮತ್ತ ಹಗಲ ರಾತ್ರಿ ಕಡೀತೈತ್ರಿ." ಮೇಲೆ ಕೊಬ್ಬರಿ ಎಣ್ಣೆಯೂ ಇತ್ತು. ಎಣ್ಣೆಯ ಹನಿಗಳು ಲೆನ್ಸಿನಡಿ ಶಿಲೀಂಧ್ರದ ಬೀಜಕಣದಂತೆಯೇ ದುಂಡಗೆ ಕಾಣುತ್ತವೆ, ಅದಕ್ಕೆ ಮೊದಲು ಸ್ಪಿರಿಟ್‌ನಿಂದ ಒರೆಸಿದೆ. ಹಬ್ಬುತ್ತಿರುವ ಅಂಚಿನಿಂದ ಬ್ಲೇಡಿನಲ್ಲಿ ಹೊಟ್ಟು ಕೆರೆದು, 10% ಕೆಓಎಚ್ ಒಂದು ಹನಿ ಹಾಕಿ, 20 ನಿಮಿಷ ಬಿಟ್ಟೆ. ನೋಡಿದರೆ ಬಲೆಯಂಥ ಗೆರೆಗಳು! ಚಿತ್ರ ತೆಗೆದು "ಫಂಗಸ್ ಪಾಸಿಟಿವ್" ಎಂದು ಬರೆದು ಕಳಿಸಿಬಿಟ್ಟೆ. ಡಾಕ್ಟರು ಫೋನ್ ಮಾಡಿದರು: "ಫೈನ್ ಫೋಕಸ್ ತಿರುವುತ್ತ ವಿಡಿಯೊ ತೆಗೀರಿ."

ವಿಡಿಯೊದಲ್ಲಿ ನಿಜ ಗೊತ್ತಾಯಿತು. ಆ ಗೆರೆಗಳು ಚರ್ಮದ ಜೀವಕೋಶಗಳ ಅಂಚು, ಒಂದೊಂದು ಕೋಶವನ್ನೂ ಸುತ್ತಿ ಹೋಗಿದ್ದವು. ಶಿಲೀಂಧ್ರದ ಎಳೆ ಹಾಗೆ ಸುತ್ತುವುದಿಲ್ಲ, ಕೋಶಗಳನ್ನು ದಾಟಿ ಹೋಗುತ್ತದೆ. ಅದೇ ಸ್ಲೈಡಿನ ಮೂಲೆಯಲ್ಲಿ 40ಎಕ್ಸ್‌ ಲೆನ್ಸಿನಲ್ಲಿ ಹುಡುಕಿದಾಗ ಸಿಕ್ಕಿತು: ಬಿದಿರಿನ ಗಣ್ಣಿನಂತೆ ಅಡ್ಡಗೋಡೆಗಳಿರುವ ಎಳೆ, ನಾಲ್ಕೈದು ಕೋಶ ದಾಟಿ ಎರಡಾಗಿ ಕವಲೊಡೆದಿತ್ತು. ಮುಲಾಮು ಬಿಡಿಸಿ ಡಾಕ್ಟರು ಮಾತ್ರೆ ಬರೆದರು.

ಆಮೇಲೆ ನಾನು ಚಿತ್ರದ ಜೊತೆ ನನ್ನ ಅಭಿಪ್ರಾಯ ಬರೆಯುವುದಿಲ್ಲ. ನನ್ನ ಮಾತು ಅವರ ಕಣ್ಣನ್ನು ಎಳೆಯಬಾರದು. ರೋಗಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ನಂಬರ್ ಹಾಕಿ, 10ಎಕ್ಸ್, 40ಎಕ್ಸ್ ಚಿತ್ರ, ಒಂದು ವಿಡಿಯೊ ಕಳಿಸುತ್ತೇನೆ.

ಕುಷ್ಠರೋಗದ ಸ್ಲೈಡುಗಳನ್ನು ಮಾತ್ರ ಕಳಿಸುವುದಿಲ್ಲ. ಅಲ್ಲಿ ನೀಲಿಯೊಳಗಿನ ಸಣ್ಣ ಕೆಂಪು ಕಡ್ಡಿಯಂಥ ರೋಗಾಣುಗಳನ್ನು ಹುಡುಕಬೇಕು, ನಮ್ಮ ಕ್ಯಾಮೆರಾದ ಬಣ್ಣದ ಮೇಲೆ ನನಗಿನ್ನೂ ಭರವಸೆ ಬಂದಿಲ್ಲ. ಆ ಸ್ಲೈಡುಗಳನ್ನು ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ನಾನೇ ಒಯ್ದು ಕೊಟ್ಟು ಬರುತ್ತೇನೆ.