ಉತ್ತರದಿಂದ ಹಿಂದಕ್ಕೆ: ವಿಲೋಮ ಕ್ರಿಯೆ ಬಳಸುವ ಬಗೆ

ಒಂದು ಸಂಖ್ಯೆಗೆ 7 ಕೂಡಿಸಿ, ಬಂದದ್ದನ್ನು 4ರಿಂದ ಗುಣಿಸಿ, 12 ಕಳೆದು, 5ರಿಂದ ಭಾಗಿಸಿದರೆ 20 ಬರುತ್ತದೆ. ಆ ಸಂಖ್ಯೆ ಯಾವುದು?

ಊಹಿಸುತ್ತ ಕೂರಬೇಕಿಲ್ಲ. ಪ್ರತಿ ಕ್ರಿಯೆಗೂ ಅದನ್ನು ರದ್ದುಮಾಡುವ ಎದುರು ಕ್ರಿಯೆ, ಅಂದರೆ ವಿಲೋಮ ಕ್ರಿಯೆ, ಮಾಡುತ್ತ ಹಿಂದಕ್ಕೆ ಬಂದರಾಯಿತು. ಆರ್ಯಭಟನ ಗ್ರಂಥವಾದ ಆರ್ಯಭಟೀಯದ ಗಣಿತಪಾದ (ಗಣಿತದ ಅಧ್ಯಾಯ) ಇದಕ್ಕೆ ಒಂದೇ ಶ್ಲೋಕದಲ್ಲಿ ದಾರಿ ಹೇಳುತ್ತದೆ: ಗುಣಿಸಿದ್ದಲ್ಲಿ ಭಾಗಿಸು, ಭಾಗಿಸಿದ್ದಲ್ಲಿ ಗುಣಿಸು, ಕೂಡಿದ್ದಲ್ಲಿ ಕಳೆ, ಕಳೆದಲ್ಲಿ ಕೂಡು. ಭಾಸ್ಕರಾಚಾರ್ಯರ ಲೀಲಾವತಿಯ (1150) ನಿಯಮದಲ್ಲಿ ವರ್ಗಕ್ಕೆ ವರ್ಗಮೂಲ, ವರ್ಗಮೂಲಕ್ಕೆ ವರ್ಗ ಎಂಬುದೂ ಇದೆ.

ಮೊದಲು ಮಾಡಿದ ಕ್ರಿಯೆಗಳನ್ನು ಒಂದು ಸಾಲಿನಲ್ಲಿ ಬರೆಯಿರಿ: +7, ×4, −12, ÷5. ಈಗ ಬಲತುದಿಯಿಂದ ಒಂದೊಂದನ್ನೇ ತಿರುಗಿಸುತ್ತ ಬನ್ನಿ. 20 × 5 = 100. 100 + 12 = 112. 112 ÷ 4 = 28. 28 − 7 = 21. ಉತ್ತರ 21, ಮುಂದಕ್ಕೆ ಮಾಡಿ ನೋಡಿದರೆ 28, 112, 100, 20 ಎಂದು ತಾಳೆಯಾಗುತ್ತದೆ.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಕ್ರಿಯೆಗಳನ್ನು ಸರಿಯಾಗಿ ತಿರುಗಿಸಿ, ಎಡದಿಂದಲೇ ಶುರುಮಾಡಿದರೆ 76.25 ಬರುತ್ತದೆ. ಟಿಫಿನ್ ಕ್ಯಾರಿಯರಿನಲ್ಲಿ ಕೊನೆಗೆ ಇಟ್ಟ ಡಬ್ಬಿಯನ್ನೇ ಮೊದಲು ತೆಗೆಯಬೇಕಲ್ಲವೇ?

ಭಾಗಾಕಾರ ತಾಳೆ ನೋಡುವಾಗ ಶೇಷವನ್ನು ಮರೆಯಬೇಡಿ. 47ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 5. ಬರೀ 6 × 7 ಮಾಡಿದರೆ 42ಕ್ಕೇ ನಿಲ್ಲುತ್ತೀರಿ. 5 ಕೂಡಿಸಿದರೆ ಮಾತ್ರ 47. ಇನ್ನು ಸೊನ್ನೆಯಿಂದ ಗುಣಿಸಿದ್ದನ್ನು ತಿರುಗಿಸಲು ದಾರಿಯೇ ಇಲ್ಲ. 8 × 0 ಆದರೂ 93 × 0 ಆದರೂ ಸಿಗುವುದು 0. ಮೊದಲು ಇದ್ದದ್ದು ಯಾವುದೆಂದು ಅದು ಹೇಳುವುದಿಲ್ಲ.

"63ರಲ್ಲಿ ಎಷ್ಟು ಕಳೆದರೆ 28?" ಎಂಬ ಪ್ರಶ್ನೆಯಲ್ಲಿ ಕಳೆಯುವ ಚಿಹ್ನೆ ಕಂಡ ಕೂಡಲೇ ಮಕ್ಕಳು 63 + 28 = 91 ಎಂದುಬಿಡುತ್ತಾರೆ. ಗೊತ್ತಿಲ್ಲದ್ದು ಕಳೆಯುವ ಸಂಖ್ಯೆಯಾದರೆ ಮತ್ತೆ ಕಳೆಯುವುದೇ ಸರಿ: 63 − 28 = 35. ಭಾಗಾಕಾರದಲ್ಲೂ ಹಾಗೆಯೇ; 84ನ್ನು ಎಷ್ಟರಿಂದ ಭಾಗಿಸಿದರೆ 12 ಎಂದರೆ, 84 ÷ 12 = 7. ಆದರೆ "ಯಾವುದರಲ್ಲಿ 28 ಕಳೆದರೆ 35?" ಎಂದು ಕೇಳಿದರೆ ಆಗ ಕೂಡಬೇಕು. ಖಾಲಿ ಜಾಗ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ದೊಡ್ಡವರೂ ತಪ್ಪುವುದು ಶೇಕಡಾ ಲೆಕ್ಕದಲ್ಲಿ. 20% ರಿಯಾಯಿತಿ ಕಳೆದು ಸೀರೆಗೆ 640 ರೂಪಾಯಿ ಆಗಿದ್ದರೆ, 640ಕ್ಕೆ 20% ಸೇರಿಸಿ ಮೂಲ ಬೆಲೆ 768 ಎನ್ನುತ್ತಾರೆ. ರಿಯಾಯಿತಿ ಕೊಟ್ಟದ್ದು ಮೂಲ ಬೆಲೆಯ ಮೇಲೆ, 640ರ ಮೇಲಲ್ಲ. 20% ಕಳೆಯುವುದೆಂದರೆ 0.80ರಿಂದ ಗುಣಿಸುವುದು, ತಿರುಗಿಸಲು 0.80ರಿಂದ ಭಾಗಿಸಬೇಕು: 640 ÷ 0.80 = 800. ಜಿಎಸ್‌ಟಿ ಸೇರಿದ ಬಿಲ್ಲಿಗೂ ಇದೇ ಲೆಕ್ಕ. 18% ಸೇರಿ 1180 ರೂಪಾಯಿ ಇದ್ದರೆ, 1180ರ 18% ಎಂದು 212.40 ಕಳೆಯಬೇಡಿ. 1180 ÷ 1.18 = 1000, ತೆರಿಗೆ 180.